ಪ್ರಶ್ನೆಗಳು ಮಾತ್ರ ಬಂದವು

ನನ್ನ ಮದುವೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಬಿ.ಎ.ಯ ಕೊನೆಯ ಪೇಪರ್ ಇತ್ತು. ತತ್ತ್ವಶಾಸ್ತ್ರ ಪ್ರವೇಶ. ಹುಡುಗನಿಗೆ ಗಲ್ಫ್ ಕಂಪನಿ ಕೊಟ್ಟದ್ದು ಮೂರೇ ವಾರದ ರಜೆ, ಅದರಲ್ಲಿ ಒಂದು ವಾರ ಹೆಣ್ಣು ನೋಡುವುದರಲ್ಲೇ ಮುಗಿದಿತ್ತು. ಮುಹೂರ್ತ ಮುಂದೆ ಹೋದರೆ ವಿಮಾನ ತಪ್ಪುತ್ತದೆ, ಪರೀಕ್ಷೆಯಾದರೆ ಬರುವ ವರ್ಷವೂ ಇರುತ್ತದೆ ಎಂದು ಹಿರಿಯರು ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ವಯಸ್ಸಿನಲ್ಲಿ ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಸರಿಯಾಗಿ ಒಂಬತ್ತೂವರೆಗೆ ನನ್ನ ತಲೆಗೆ ಮಲ್ಲಿಗೆ ಮುಡಿಸುತ್ತಿದ್ದರು, ನಾನು ತಲೆ ಓರೆ ಮಾಡಿ ಗೋಡೆಯ ಗಡಿಯಾರ ನೋಡುತ್ತಿದ್ದೆ. ಹುಡುಗಿಗೆ ಅವಸರ ನೋಡಿ ಎಂದು ಅಲ್ಲಿದ್ದ ಹೆಂಗಸರು ನಕ್ಕರು.

ಆ ಬರುವ ವರ್ಷ ಬರಲೇ ಇಲ್ಲ. ಮೊದಲ ವರ್ಷ ವೀಸಾ, ಎರಡನೆಯ ವರ್ಷ ಬಸುರು, ಆಮೇಲೆ ಮಗು, ಆಮೇಲೆ ಮಗುವಿನ ಶಾಲೆ. ದೋಹಾದಲ್ಲಿ ಯಾವ ಫಾರಂ ತುಂಬಿದರೂ ವಿದ್ಯಾಭ್ಯಾಸ ಎಂಬ ಒಂದು ಚೌಕ ಇರುತ್ತಿತ್ತು. ನನ್ನ ಗಂಡ ಅದರಲ್ಲಿ ಕಣ್ಣು ಮುಚ್ಚಿಕೊಂಡು ಪಿಯುಸಿ ಎಂದು ಬರೆಯುತ್ತಿದ್ದರು. ಮೂರು ವರ್ಷ ಕಾಲೇಜಿಗೆ ಹೋಗಿ, ಒಂದೇ ಒಂದು ಪೇಪರ್ ಬಿಟ್ಟು ಎಲ್ಲವನ್ನೂ ಪಾಸು ಮಾಡಿದವಳು ನಾನು. ಪ್ರತಿ ಸಲವೂ ನನಗೆ ಮೈ ಉರಿಯುತ್ತಿತ್ತು, ಪ್ರತಿ ಸಲವೂ ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಕೊಡುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಮಂಗಳೂರಿನಿಂದ ತಂಗಿಯ ಕಾಗದ ಬಂತು. ಹಳೆಯ ಸಿಲೆಬಸ್ಸಿನವರಿಗೆ ಈ ಅಕ್ಟೋಬರಿನ ಪರೀಕ್ಷೆಯೇ ಕೊನೆ, ಅದರಲ್ಲಿ ಬರೆಯದಿದ್ದರೆ ಪಾಸಾದ ಪೇಪರುಗಳೂ ರದ್ದು ಎಂದು ವಿಶ್ವವಿದ್ಯಾಲಯ ಪ್ರಕಟಣೆ ಹೊರಡಿಸಿತ್ತು. ಅಂಚೆಯ ಮೂಲಕ ಓದುವವರಿಗೆ ಕಳಿಸುವ ಪಾಠಗಳ ಒಂದು ಕಟ್ಟನ್ನು ಅವಳು ತರಿಸಿ ಇಟ್ಟಿದ್ದಳು. ನನ್ನ ಪರವಾಗಿ ಅರ್ಜಿಯನ್ನೂ ಹಾಕಿಬಿಟ್ಟಿದ್ದಳು. ಊರಿಗೆ ಬಂದವರು ಯಾರಾದರೂ ಇದ್ದರೆ ಹೇಳು, ಅವರ ಕೈಯಲ್ಲಿ ಕೊಡುತ್ತೇನೆ ಎಂದು ಬರೆದಿದ್ದಳು. ಕಾಗದ ಮಡಚುವಷ್ಟರಲ್ಲಿ ನಾನು ನಿರ್ಧಾರ ಮಾಡಿ ಆಗಿತ್ತು. ಬರೆಯುವುದೇ.

ಊರಿಗೆ ಹೋಗಿದ್ದವರು ಸ್ಟೋರ್ ಕಾಕ. ನಮ್ಮ ತಾಲೂಕಿನವರೇ ಆದ ಬ್ಯಾರಿ, ದೋಹಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಕಟ್ಟಡದ ಸಾಮಾನು ಮಾರುವ ಒಂದು ಕಂಪನಿಯ ಗೋದಾಮು ಅವರ ವಶದಲ್ಲಿದ್ದುದರಿಂದ ಎಲ್ಲರಿಗೂ ಅವರು ಸ್ಟೋರ್ ಕಾಕ. ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾದ ಹಿಂಬದಿಯ ಎರಡು ಕೋಣೆಗಳಲ್ಲಿ ಹೆಂಡತಿಯ ಜೊತೆ ಇದ್ದರು. ನಾವು ಅಲ್ ಹಿಲಾಲ್‌ನಲ್ಲಿ, ನಡುವೆ ಪ್ಲೈವುಡ್ ಗೋಡೆ ಹಾಕಿ ಎರಡು ಮಾಡಿದ ವಿಲ್ಲಾದ ಅರ್ಧದಲ್ಲಿ. ಆ ಪ್ಲೈವುಡ್ಡೂ ಕಾಕನ ಗೋದಾಮಿನದೇ.

ಗಲ್ಫಿನವರ ಲಗೇಜು ಕಟ್ಟುವ ಕ್ರಮ ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗದು. ಇಪ್ಪತ್ತು ಕಿಲೋ ಎಂದರೆ ಇಪ್ಪತ್ತೇ ಕಿಲೋ. ಹಾಗಾಗಿ ಯಾವ ವಸ್ತುವೂ ಅದರ ಡಬ್ಬದ ಜೊತೆ ಪ್ರಯಾಣ ಮಾಡುತ್ತಿರಲಿಲ್ಲ. ಟೂತ್‌ಪೇಸ್ಟಿನ ರಟ್ಟು, ಶರ್ಟಿನ ಒಳಗಿನ ಕಾರ್ಡ್‌ಬೋರ್ಡು, ಹಾಲಿನಪುಡಿಯ ಟಿನ್ನು, ಎಲ್ಲವನ್ನೂ ಕಿತ್ತು ಬಿಸಾಡಿ ಒಳಗಿನದನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದು. ಈ ವಿದ್ಯೆಯಲ್ಲಿ ಕಾಕನನ್ನು ಮೀರಿಸಿದವರಿರಲಿಲ್ಲ. ಹೋಗುವವರೆಲ್ಲ ಸ್ಪ್ರಿಂಗ್ ತಕ್ಕಡಿಯ ಜೊತೆ ಅವರನ್ನೂ ಕರೆಸಿಕೊಳ್ಳುತ್ತಿದ್ದರು.

ಜುಲೈ ತಿಂಗಳ ಒಂದು ಶುಕ್ರವಾರ, ಜುಮಾ ನಮಾಜು ಮುಗಿಸಿ, ಊಟ ಮಾಡಿ, ಕಾಕ ಹೆಂಡತಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಖಾಕಿ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಒಂದು ಚಪ್ಪಟೆ ಪೊಟ್ಟಣವನ್ನು ನನ್ನ ಕೈಗಿಟ್ಟರು. ಅದು ತೀರ ತೆಳ್ಳಗಿತ್ತು. ಬಿಚ್ಚಿದೆ. ಒಳಗೆ ನಲವತ್ತು ಹಾಳೆಗಳಿದ್ದವು. ಎಲ್ಲದರ ತಲೆಯ ಮೇಲೂ ಒಂದೇ ಮಾತು: ಅಭ್ಯಾಸದ ಪ್ರಶ್ನೆಗಳು.

"ಪಾಠ ಎಲ್ಲಿ ಕಾಕ?"

"ಪಾಠ ಎಂತಕ್ಕೆ?" ಕಾಕ ಆರಾಮವಾಗಿ ಸೋಫಾದಲ್ಲಿ ಒರಗಿದರು. "ಬಾಂಬೆಯಲ್ಲಿ ವಿಮಾನ ಹತ್ತುವ ಮುಂಚೆ ತೂಗಿದ್ರೆ ನಾಲ್ಕು ಕಿಲೋ ಜಾಸ್ತಿ. ಬಿಚ್ಚಿ ನೋಡಿದೆ. ಪರೀಕ್ಷೆಯಲ್ಲಿ ಕೇಳುವುದು ಪ್ರಶ್ನೆ ಅಲ್ವಾ? ಬಾಕಿದ್ದೆಲ್ಲ ಪ್ಯಾಕಿಂಗ್. ಒಂದು ಪ್ರಶ್ನೆ ಬಿಟ್ಟಿಲ್ಲ ನೋಡಿ. ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕೊಯ್ದದ್ದು, ಎಲ್ಲಿಯೂ ಹರಿದಿಲ್ಲ."

ನಿಜ, ಎಲ್ಲಿಯೂ ಹರಿದಿರಲಿಲ್ಲ. ಅಷ್ಟು ಚೆಂದಕ್ಕೆ ಕೊಯ್ದಿದ್ದರು. ಉಳಿದದ್ದನ್ನು ಬಾಂಬೆಯ ಸಂಬಂಧಿಕರ ಮನೆಯಲ್ಲೇ ಹಳೆ ಪೇಪರಿನವನಿಗೆ ಹಾಕಿಸಿ ಬಂದಿದ್ದರು.

ನನ್ನ ಬಾಯಿಗೆ ಬೀಗವಿಲ್ಲ ಎಂದು ನನ್ನ ಗಂಡ ಯಾವಾಗಲೂ ಹೇಳುತ್ತಾರೆ. ಅವತ್ತು ಅದು ನಿಜವಾಯಿತು. ಇದು ಟೂತ್‌ಪೇಸ್ಟಿನ ರಟ್ಟು ಅಂದುಕೊಂಡಿರಾ, ನಿಮಗೆ ತಲೆ ಉಂಟಾ, ಗೊತ್ತಿಲ್ಲದಿದ್ದರೆ ಕೇಳಬಾರದಾ, ಉಪ್ಪಿನಕಾಯಿ ಬಿಟ್ಟು ಬರಬಹುದಿತ್ತಲ್ಲಾ ಎಂದು ಕಿರುಚಿದೆ. ತಂದೆಯ ವಯಸ್ಸಿನವರು ಎನ್ನುವುದನ್ನೂ ನೋಡಲಿಲ್ಲ. ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಕಾಕ ಎದ್ದರು, ಚಹಾ ಮುಟ್ಟಲಿಲ್ಲ. "ಖಲಾಸ್, ತಪ್ಪಾಯ್ತು" ಎಂದು ಚಪ್ಪಲಿ ಹಾಕಿಕೊಂಡರು. ಆ ಬಿಸಿಲಿನಲ್ಲಿ ಅವರ ಪಿಕಪ್ ಸ್ಟಾರ್ಟಾಗುವ ಸದ್ದು ಕೇಳಿತು.

ತಂಗಿಗೆ ಫೋನು ಮಾಡಿದೆ. ಅವಳು ವಿಚಾರಿಸಿದಳು. ಅಚ್ಚಾದ ಪ್ರತಿಗಳು ಮುಗಿದಿವೆ, ಹಳೆಯ ಸಿಲೆಬಸ್ಸಾದ್ದರಿಂದ ಮತ್ತೆ ಅಚ್ಚು ಹಾಕಿಸುವುದಿಲ್ಲ ಎಂದು ಉತ್ತರ ಬಂತು. ದೋಹಾದ ಪುಸ್ತಕದಂಗಡಿಯಲ್ಲಿ ಅಡುಗೆಯ ಪುಸ್ತಕ, ಡಿಕ್ಷನರಿ, ಮಕ್ಕಳ ಬಣ್ಣದ ಪುಸ್ತಕ ಇದ್ದವು. ಕಾಲೇಜಿನ ಮೇಷ್ಟ್ರು ಹೇಳಿದ್ದರಲ್ಲಿ ತತ್ತ್ವಶಾಸ್ತ್ರದ ಶಾಖೆಗಳ ಹೆಸರು ನೆನಪಿತ್ತು, ಅದರಾಚೆ ಅಲ್ಲೊಂದು ಇಲ್ಲೊಂದು ಎಳೆ. ನನ್ನ ಗಂಡ ಬಂದರಿನಲ್ಲಿ ಹಡಗಿನ ಸರಕು ಬಿಡಿಸುವ ಆಫೀಸಿನಲ್ಲಿದ್ದವರು, ಎಲ್ಲವನ್ನೂ ಮೂರು ವಾಕ್ಯದಲ್ಲಿ ಮುಗಿಸುವವರು.

"ನೋಡು ಮಾರಾಯ್ತಿ. ಪರೀಕ್ಷೆ ಬರೆಯುವವರಿಗೆ ಪಾಠ ಬೇಕು. ನಿನ್ನ ಹತ್ರ ಪಾಠ ಇಲ್ಲ. ಹಾಗಾದ್ರೆ ನಿನಗೆ ಪರೀಕ್ಷೆ ಇಲ್ಲ."

ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಹಾಳೆ ತರ್ಕಶಾಸ್ತ್ರದ್ದು. 'ಕೆಳಗಿನ ವಾದವನ್ನು ಪರೀಕ್ಷಿಸಿ: ಅದರ ರೂಪ ಸರಿಯೇ? ಅದರ ಆಧಾರವಾಕ್ಯಗಳು ಸತ್ಯವೇ?' ನಾನು ಅವರ ವಾದವನ್ನೇ ತೆಗೆದುಕೊಂಡೆ. ರೂಪ ಸರಿಯಾಗಿದೆ, ಒಪ್ಪಿದೆ. ಆದರೆ ಮೊದಲನೆಯ ವಾಕ್ಯ ಸತ್ಯ ಎಂದು ಯಾರು ಹೇಳಿದರು? ಪಾಠವನ್ನು ಮೊದಲು ಬರೆದವನಿಗೆ ಯಾವ ಪಾಠ ಇತ್ತು?

"ನಮ್ಮ ಮದುವೆಯ ದಿನ ಒಂಬತ್ತೂವರೆಗೆ ಇದೇ ಪರೀಕ್ಷೆ ಇತ್ತು," ಎಂದೆ. "ಈ ಸಲ ನಾನು ಬರೆಯುವವಳೇ."

ಅವರು ಟಿವಿಯ ದನಿ ತಗ್ಗಿಸಿದರು. ಒಂಬತ್ತು ವರ್ಷ ನಾನು ಅದನ್ನು ಅವರಿಗೆ ಹೇಳಿರಲಿಲ್ಲ, ನನ್ನ ತವರಿನವರಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. "ಅದೇ ದಿನವಾ?" ಎಂದು ಎರಡು ಸಲ ಕೇಳಿದರು. ಮರುದಿನ ಆಫೀಸಿನಿಂದ ಬಂದವರು ಅಕ್ಟೋಬರಿನ ನನ್ನೊಬ್ಬಳ ಟಿಕೆಟ್ಟಿಗೆ ಹೇಳಿಟ್ಟು ಬಂದಿದ್ದರು.

ಪ್ರತಿ ದಿನ ಒಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಡುಗೆ ಮಾಡುತ್ತ ಅದಕ್ಕೆ ಉತ್ತರ ಯೋಚಿಸುವುದು, ಮಧ್ಯಾಹ್ನ ಬರೆಯುವುದು ಎಂದು ನಿಯಮ ಮಾಡಿಕೊಂಡೆ. ಮೊದಲ ವಾರ ಒಂದು ಸಾಲೂ ಏಳಲಿಲ್ಲ. ಜ್ಞಾನಮೀಮಾಂಸೆಯ ಹಾಳೆ ಕೇಳುತ್ತಿತ್ತು: 'ತಿಳಿವಳಿಕೆಗೂ ನಂಬಿಕೆಗೂ ಇರುವ ವ್ಯತ್ಯಾಸವೇನು? ನಮಗೆ ತಿಳಿದಿದೆ ಎಂದು ನಮಗೆ ಹೇಗೆ ತಿಳಿಯುತ್ತದೆ?' ನಾನು ಅದರ ಮುಂದೆ ನಿಂತು ಬೆಂಡೆಕಾಯಿ ಹೆಚ್ಚುತ್ತಿದ್ದೆ. ಕೈ ತೊಳೆದ ಏಳು ವರ್ಷದ ಮಗಳು ಶಾಲೆಯ ಪುಸ್ತಕ ಹಿಡಿದು ಒಳಗಿಂದ ಬಂದಳು. ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ತುಳು, ಅವಳ ಕನ್ನಡ ಅಷ್ಟಕ್ಕಷ್ಟೇ.

"ಅಮ್ಮಾ, ರೆಡ್ ಅಂದ್ರೆ ಕೋಲ್ಡ್ ಅಲ್ವಾ? ಈ ಬುಕ್ಕಲ್ಲಿ ತಪ್ಪು ಉಂಟು!"

ಅವಳ ಪುಸ್ತಕದ ಚಿತ್ರದಲ್ಲಿ ಕೆಂಪು ನಲ್ಲಿಯಿಂದ ಬಿಸಿ ಹಬೆ ಏಳುತ್ತಿತ್ತು. ನಮ್ಮ ಮನೆಯಲ್ಲಿ ಬೇಸಿಗೆಯಿಡೀ ನೀಲಿ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನ ಕುದಿನೀರು, ಕೈ ಸುಡುತ್ತಿತ್ತು. ಅದಕ್ಕೇ ಎಲ್ಲರೂ ಗೀಸರನ್ನು ಆಫ್ ಮಾಡಿ, ಮನೆಯೊಳಗಿನ ನೆರಳಲ್ಲಿ ಅದರ ಟ್ಯಾಂಕಿನಲ್ಲಿ ತಣಿದ ನೀರನ್ನು ಕೆಂಪು ನಲ್ಲಿಯಿಂದ ಬಿಟ್ಟುಕೊಳ್ಳುವುದು. ಹುಟ್ಟಿದಾಗಿನಿಂದ ಬೇಸಿಗೆಗಳನ್ನು ಇಲ್ಲಿ ಕಂಡ ಮಗುವಿಗೆ ಕೆಂಪು ಎಂದರೆ ತಣ್ಣೀರು. ಬೇಸಿಗೆಯಲ್ಲಿ ದಿನವೂ ಮುಟ್ಟಿ ನೋಡಿದ್ದಾಳೆ, ಒಂದು ದಿನವೂ ಸುಳ್ಳಾಗಿಲ್ಲ. ಹಾಗಾದರೆ ಅವಳಿಗೆ ಇದು ತಿಳಿದಿದೆಯೇ, ಅಥವಾ ಅವಳು ನಂಬಿದ್ದಾಳೆಯೇ? ಊರಿನ ಸ್ನಾನದ ಮನೆಯಲ್ಲಿ ಕೆಂಪು ನಲ್ಲಿ ತಿರುಗಿಸಿದ ದಿನ ಏನಾದೀತು? ನಾನು ಬೆಂಡೆಕಾಯಿ ಬಿಟ್ಟು ಬರೆಯಲು ಕೂತೆ. ಅವತ್ತು ಪಲ್ಯ ಹೊತ್ತಿಹೋಯಿತು, ಉತ್ತರ ಮೂರು ಪುಟವಾಯಿತು.

ಮುಂದಿನ ಶುಕ್ರವಾರ ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಕಾಕ ಒಬ್ಬರೇ ನಿಂತಿದ್ದರು, ಕೈಯಲ್ಲಿ ಹೊಸ ನೋಟ್‌ಬುಕ್ಕು. ಒಳಗೆ ಬರಲಿಲ್ಲ.

"ಬೈಯುವುದಾದರೆ ಬೈದು ಮುಗಿಸಿ, ಮತ್ತೆ ಬರ್ತೇನೆ. ಕೊಯ್ದದ್ದು ನಾನು. ಜೋಡಿಸುವ ಕೆಲಸದಲ್ಲಿ ನಾನೂ ಇರಬೇಕು. ನನಗೆ ಐದನೇ ಕ್ಲಾಸು ಮಾತ್ರ. ಆದ್ರೆ ಪ್ರಶ್ನೆ ಓದಿದ್ದೇನೆ, ವಿಮಾನದಲ್ಲಿ ಕೂತು ಎಲ್ಲ ಓದಿದ್ದೇನೆ. ಕೆಲವಕ್ಕೆ ನನ್ನ ಹತ್ರ ಉತ್ತರ ಉಂಟು."

ನನಗೆ ನಗು ಬಂತು, ಸಿಟ್ಟೂ ಪೂರ್ತಿ ಹೋಗಿರಲಿಲ್ಲ. ಒಳಗೆ ಕರೆದೆ. ಗಂಡ ಟಿವಿ ಆರಿಸಿದರು. ಅಂದಿನಿಂದ ಶುಕ್ರವಾರದ ಸಂಜೆಗಳು ಹಾಗೆಯೇ ನಡೆದವು. ಮಾತು ತುಳುವಿನಲ್ಲಿ, ಪ್ರಶ್ನೆ ಓದುವಾಗ ಮಾತ್ರ ಎಲ್ಲರೂ ಶಾಲೆಯ ಮಕ್ಕಳಂತೆ ಕನ್ನಡಕ್ಕೆ ಬರುತ್ತಿದ್ದೆವು.

ತತ್ತ್ವಮೀಮಾಂಸೆಯ ಪ್ರಶ್ನೆ ಓದಿದೆ: 'ಇರುವುದು ಎಂದರೇನು? ಎಲ್ಲವೂ ಬದಲಾದ ಮೇಲೆ ಅದನ್ನು ಅದೇ ವಸ್ತು ಎನ್ನಲು ಆಧಾರವೇನು?' ಕಾಕ ನೇರವಾಗಿ ಕೂತರು. ನಾನು ಬಂದ ವರ್ಷ, ಈಗ ಸಮುದ್ರದಂಚಿನ ಕಾರ್ನಿಷ್ ರಸ್ತೆ ಇರುವ ಕಡೆ ಮೊಣಕಾಲುದ್ದ ನೀರಿತ್ತು, ಸಂಜೆ ಅಲ್ಲಿ ಕೂತು ಮೀನು ಹಿಡಿಯುತ್ತಿದ್ದೆ ಎಂದರು. ಈಗ ಅಲ್ಲಿ ಹುಲ್ಲು, ಹೂವು, ಬೆಂಚು. "ಆ ಜಾಗ ಎಲ್ಲಿ ಹೋಯ್ತು? ಹೋಗ್ಲಿಲ್ಲ ಅಂತೀರಾ? ಹಾಗಾದ್ರೆ ನಾನು ಕೂತ ನೀರು ಎಲ್ಲಿ?" ಗಂಡ ಹೇಳಿದರು, ಜಾಗ ಅಂದರೆ ನಕ್ಷೆಯಲ್ಲಿರುವ ಗುರುತು, ನೀರು ಮಣ್ಣು ಬರುತ್ತದೆ ಹೋಗುತ್ತದೆ. ಗುರುತು ಹಾಕುವವನಿಲ್ಲದಿದ್ದರೆ ಜಾಗ ಇಲ್ಲವೇ ಎಂದು ನಾನು ಕೇಳಿದೆ. ಕಾಕನೂ ಗಂಡನೂ ಗಂಟಲು ಹರಿಯುವಷ್ಟು ವಾದಿಸಿದರು. ಒಂಬತ್ತು ವರ್ಷದಲ್ಲಿ ನನ್ನ ಗಂಡ ಸರಕು ಮತ್ತು ಕ್ರಿಕೆಟ್ ಬಿಟ್ಟು ಬೇರೆ ವಿಷಯಕ್ಕೆ ಅಷ್ಟು ಬಿಸಿಯಾದದ್ದನ್ನು ನಾನು ಕಂಡಿರಲಿಲ್ಲ. ನಾನು ಇಬ್ಬರ ವಾದವನ್ನೂ ಬರೆದುಕೊಂಡೆ.

ಸೌಂದರ್ಯಶಾಸ್ತ್ರದಲ್ಲಿ ನಾವೆಲ್ಲ ಮುಗ್ಗರಿಸಿದೆವು. ಚೆಲುವು ಇರುವುದು ವಸ್ತುವಿನಲ್ಲೋ ನೋಡುವವನಲ್ಲೋ ಎಂಬುದಕ್ಕೆ ಕಾಕ "ಇದು ಹೆಂಗಸರ ಡಿಪಾರ್ಟ್‌ಮೆಂಟ್" ಎಂದುಬಿಟ್ಟರು, ನಾನು ರೇಗಿದೆ, ಅಲ್ಲಿಗೆ ಅದು ಮುಗಿಯಿತು. ಆ ಹಾಳೆಗೆ ನಾನು ಬರೆದ ಉತ್ತರ ಇಂದಿಗೂ ನನಗೆ ಸಮಾಧಾನ ಕೊಟ್ಟಿಲ್ಲ.

ನೀತಿಶಾಸ್ತ್ರದ ಹಾಳೆ ಬಂದದ್ದು ಸೆಪ್ಟೆಂಬರಿನಲ್ಲಿ. ಅವತ್ತು ಕಾಕನ ಹೆಂಡತಿಯೂ ಬಂದಿದ್ದರು, ನನ್ನ ಬೈಗುಳದ ದಿನದ ನಂತರ ಅದೇ ಮೊದಲು. ಮುಂದೆ ಏನಿದೆ ಎಂದು ನೋಡದೆ ಗಟ್ಟಿಯಾಗಿ ಓದಿಬಿಟ್ಟೆ: 'ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಕೆಟ್ಟ ಫಲ ಕೊಟ್ಟರೆ ಆ ಕೆಲಸವನ್ನು ಹೇಗೆ ಅಳೆಯಬೇಕು? ಉದ್ದೇಶದಿಂದಲೋ, ಫಲದಿಂದಲೋ?'

ಹಾಳೆಯನ್ನು ಮಡಚಿ ಮುಂದಿನದನ್ನು ತೆಗೆಯೋಣ ಎಂದುಕೊಂಡೆ. ಕಾಕ ಕೈ ಎತ್ತಿ ತಡೆದರು.

"ಇದಕ್ಕೆ ನಾನೇ ಹೇಳ್ತೇನೆ. ಉದ್ದೇಶ ನನ್ನ ಹತ್ರ ಉಳಿಯುವುದು. ಫಲ ಇನ್ನೊಬ್ಬರ ಮನೆಗೆ ಹೋಗುವುದು. ಅಳೆಯುವುದಾದರೆ ಆ ಮನೆಯವರನ್ನು ಕೇಳಬೇಕು. ನಾನು ಒಳ್ಳೆಯದಕ್ಕೇ ಮಾಡಿದೆ ಅಂತ ನಾನೇ ಹೇಳಿಕೊಂಡರೆ ಅದು ಅರಬಿಯವರು ಹೇಳುವ ಮಾಫಿ, ಎಂತದೂ ಇಲ್ಲ. ಬರೀರಿ."

ನಾನು ಬರೆಯಲಿಲ್ಲ. ಪೆನ್ನು ಕೆಳಗಿಟ್ಟೆ. ಕಾಕನಿಗೆ ಹೇಳಬೇಕಾದ ಒಂದು ಮಾತನ್ನು ಎರಡು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದೆ, ಬರೆಯುವ ನೆಪದಲ್ಲಿ ತಪ್ಪಿಸಿಕೊಂಡು ಬಂದಿದ್ದೆ.

"ಹಾಗಾದರೆ ನನ್ನ ಬಾಯಿಂದ ಬಂದದ್ದನ್ನೂ ಫಲದಿಂದಲೇ ಅಳೆಯಬೇಕು ಕಾಕ. ಸಿಟ್ಟು ಬರಲು ನನಗೆ ಕಾರಣ ಇತ್ತು. ಆದರೆ ಅಷ್ಟು ಮಾತು ಆಡಲು ಇರಲಿಲ್ಲ. ನಿಮ್ಮ ಹೆಂಡತಿಯ ಎದುರು ನಿಮಗೆ ತಲೆ ಉಂಟಾ ಅಂತ ಕೇಳಿದೆ. ತಪ್ಪು ನನ್ನದು."

ಉತ್ತರ ಕೊಟ್ಟವರು ಕಾಕನ ಹೆಂಡತಿ, ಆ ಇಡೀ ಬೇಸಿಗೆಯಲ್ಲಿ ಅವರು ಪಾಠದ ನಡುವೆ ಆಡಿದ ಒಂದೇ ಮಾತು ಅದು. "ಇವರಿಗೆ ತಲೆ ಉಂಟಾ ಅಂತ ನಾನೂ ಕೇಳಿದ್ದೇನೆ, ಬಾಂಬೆಯಲ್ಲಿಯೇ. ಚಹಾ ಮಾಡಿ ನೀವು." ಎಲ್ಲರೂ ನಕ್ಕೆವು. ಜುಲೈಯಲ್ಲಿ ಬಿಟ್ಟು ಹೋದ ಚಹಾವನ್ನು ಕಾಕ ಅವತ್ತು ಎರಡು ಲೋಟ ಕುಡಿದರು.

ಅಕ್ಟೋಬರಿನಲ್ಲಿ ಹೊರಟೆ. ಮಗಳನ್ನು ಹತ್ತು ದಿನ ಕಾಕನ ಹೆಂಡತಿ ನೋಡಿಕೊಂಡರು. ಒಂದು ಪರೀಕ್ಷೆಗೆ ಸಂಸಾರ ಬಿಟ್ಟು ಬಂದಳು ಎಂದು ಊರಿನಲ್ಲಿ ಮುಖ ಸಿಂಡರಿಸಿದವರಿಗೆ ನಾನು ಉತ್ತರ ಕೊಡಲು ಹೋಗಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ನನ್ನ ಎರಡೂ ಕಡೆ ಕೂತ ಹುಡುಗಿಯರು ನನ್ನನ್ನು ಮೇಲ್ವಿಚಾರಕಿ ಎಂದುಕೊಂಡು ಎದ್ದು ನಿಂತರು. ಗಂಟೆ ಹೊಡೆಯಿತು, ಒಂಬತ್ತೂವರೆ. ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲನೆಯದು ಕಡ್ಡಾಯ: 'ತತ್ತ್ವಶಾಸ್ತ್ರದ ಮುಖ್ಯ ಶಾಖೆಗಳು ಯಾವುವು? ಒಂದೊಂದು ಶಾಖೆಯೂ ಕೇಳುವ ಪ್ರಶ್ನೆಗಳನ್ನು ವಿವರಿಸಿ.'

ಇಡೀ ಹಾಲಿನಲ್ಲಿ ಆ ಪ್ರಶ್ನೆಗಳು ನನ್ನಷ್ಟು ಬಾಯಿಪಾಠ ಬರುವವರು ಇನ್ನೊಬ್ಬರಿರಲಿಲ್ಲ. ಇರುವುದೇನು, ತಿಳಿಯುವುದು ಹೇಗೆ, ಸರಿಯಾದ ವಾದ ಯಾವುದು, ಮಾಡಬೇಕಾದದ್ದು ಏನು, ಚೆಲುವು ಎಲ್ಲಿದೆ. ಒಂದೊಂದನ್ನೂ ಬರೆದು, ಪಕ್ಕದಲ್ಲಿ ಕೆಂಪು ನಲ್ಲಿ, ಹುಲ್ಲಾದ ಸಮುದ್ರ, ಗಂಡನ ಮೂರು ವಾಕ್ಯ, ಕೊಯ್ದ ಪಾಠ ಎಲ್ಲವನ್ನೂ ಉದಾಹರಣೆಯಾಗಿ ಕೊಟ್ಟೆ. ದಾರ್ಶನಿಕರ ಹೆಸರು ಹಾಕಬೇಕಾದಲ್ಲಿ ನನ್ನ ಹತ್ತಿರ ಹೆಸರಿರಲಿಲ್ಲ. ಪೇಪರ್ ತಿದ್ದುವವರು ಇದೇನು ಹುಚ್ಚು ಎಂದು ಸೊನ್ನೆ ಹಾಕಿಯಾರು ಎಂದು ಭಯವಾಯಿತು. ಆದರೂ ಒಂದು ಸಾಲನ್ನೂ ಹೊಡೆದುಹಾಕಲಿಲ್ಲ, ಮೂರು ಗಂಟೆ ಮುಗಿಯುವ ಒಂದು ನಿಮಿಷ ಮೊದಲೂ ಏಳಲಿಲ್ಲ.

ಫಲಿತಾಂಶ ಬರುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಅಂಕಪಟ್ಟಿಯ ಲಕೋಟೆ ತನಗೆ ಬಂದಿದೆ, ನಿನ್ನ ಹೆಸರಿಗಿರುವುದರಿಂದ ಒಡೆಯುವುದಿಲ್ಲ, ಕಾಕ ಊರಲ್ಲಿದ್ದಾರಲ್ಲ, ಅವರ ಕೈಯಲ್ಲಿ ಕೊಟ್ಟಿದ್ದೇನೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಕಾಕ ದೋಹಾದಲ್ಲಿ ಇಳಿದ ದಿನವೇ ಸಂಜೆ, ಮನೆಗೂ ಹೋಗದೆ, ಹೆಂಡತಿಯ ಜೊತೆ ನಮ್ಮಲ್ಲಿಗೆ ಬಂದರು. ಎದೆಗೆ ಒತ್ತಿ ಹಿಡಿದಿದ್ದದ್ದು ಹಗ್ಗ ಕಟ್ಟಿದ ಎರಡು ಪ್ಲೈವುಡ್ ತುಂಡುಗಳು. ಲಕೋಟೆ ಮಡಚಿಹೋಗಬಾರದೆಂದು ಅವುಗಳ ನಡುವೆ ಇಟ್ಟಿದ್ದರು. ಅದರ ತೂಕಕ್ಕೆ ಹೆಂಡತಿಯ ಕುಚ್ಚಲಕ್ಕಿ ಬಾಂಬೆಯಲ್ಲೇ ಉಳಿಯಿತಂತೆ. "ಅಕ್ಕಿ ಇಲ್ಲಿಯೂ ಸಿಗ್ತದೆ" ಎಂದರು ಆಕೆ, ಮುಖ ಮಾತ್ರ ಗಂಟಾಗಿತ್ತು.

ಹಗ್ಗ ಬಿಚ್ಚಿದೆವು. ಲಕೋಟೆಯ ಮೂಲೆ ಕೂಡ ಸುಕ್ಕಾಗಿರಲಿಲ್ಲ. ಅದನ್ನು ಕಾಕನ ಕಡೆ ಚಾಚಿದೆ.

"ನೀವೇ ಹರಿಯಿರಿ ಕಾಕ."

"ಇಲ್ಲಪ್ಪ, ಹರಿಯುವ ಕೆಲಸ ನನಗೆ ಬೇಡ."

"ಮೊದಲು ಕೊಯ್ದದ್ದು ನೀವೇ. ಇದನ್ನೂ ನೀವೇ ಮಾಡಬೇಕು."

ಅವರು ಸೋಫಾದ ತುದಿಯಲ್ಲಿ ಕೂತು, ಜೇಬಿನಿಂದ ಬ್ಲೇಡ್ ತೆಗೆದು, ಲಕೋಟೆಯ ಅಂಚಿನ ಮೇಲೆ ಕೂದಲೆಳೆಯಷ್ಟು ಅಗಲಕ್ಕೆ ಕೊಯ್ದರು. ಹಾಳೆಯನ್ನು ಎಳೆದು, ಕನ್ನಡಕ ಸರಿಮಾಡಿ, ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದುತ್ತ ಹೋದರು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು.

"ಪಾಸ್ ಅಂತ ಉಂಟು," ಎಂದರು. ಮತ್ತೆ ಒಮ್ಮೆ ನೋಡಿದರು. "ಹೌದು, ಪಾಸ್."

ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಎಲ್ಲರೆದುರು. ಗಂಡ ಎದ್ದು ಹೋಗಿ ಮೇಜಿನ ಖಾನೆಯಿಂದ ಮಗಳ ಶಾಲೆಯ ಫಾರಂ ತಂದರು. ವಾರದ ಹಿಂದೆಯೇ ತುಂಬಿ ಮುಗಿಸಿದ್ದರು, ತಾಯಿಯ ವಿದ್ಯಾಭ್ಯಾಸದ ಚೌಕ ಮಾತ್ರ ಖಾಲಿ ಬಿಟ್ಟಿದ್ದರು. ಪೆನ್ನನ್ನು ನನ್ನ ಕೈಗೆ ಕೊಟ್ಟರು. ಎರಡು ಅಕ್ಷರ ಬರೆಯಲು ನನಗೆ ತುಂಬ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಕಾಕ ಖಾಲಿ ಲಕೋಟೆಯನ್ನು ಬೆಳಕಿಗೆ ಹಿಡಿದು, ಒಳಗೆ ಏನಾದರೂ ಉಳಿದಿದೆಯೇ ಎಂದು ನೋಡಿ, ಬುಡಮೇಲು ಮಾಡಿ ತಟ್ಟಿದರು. ಏನೂ ಇರಲಿಲ್ಲ. ಅದನ್ನು ಅಂಗೈಯಲ್ಲಿ ಸವರಿ ಸಪಾಟು ಮಾಡಿ, ಕೊಯ್ದ ಅಂಚಿನ ಎಳೆಯನ್ನೂ ಹೆಕ್ಕಿ ಅದರ ಮೇಲಿಟ್ಟು, ನನ್ನ ಕಡೆಗೆ ಸರಿಸಿದರು.

"ಪ್ಯಾಕಿಂಗನ್ನೂ ಇಟ್ಟುಕೊಳ್ಳಿ," ಎಂದರು.